ಮೀಸಲು ಕುರಿಯ ಬೆನ್ನು

ಹೊಸದುರ್ಗ ದಾಟಿ ಮಾಡದಕೆರೆಯ ದಾರಿ ಹಿಡಿದಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ತಿರುವಿನಲ್ಲಿ ಕುರಿ ಹಿಂಡೊಂದು ಅಡ್ಡ ಬಂತು. ಹಾರ್ನ್ ಹೊಡೆದರೆ ಕುರಿಗಳು ಗಾಬರಿಬಿದ್ದು ಅಲ್ಲಲ್ಲೇ ಸುತ್ತುತ್ತವೆ ಎಂದು ಗೊತ್ತಿದ್ದರಿಂದ ಇಂಜಿನ್ ಆರಿಸಿ, ಕಿಟಕಿಯ ಗಾಜು ಇಳಿಸಿ ಕುಳಿತೆ. ನೆನೆದ ಉಣ್ಣೆಯ ವಾಸನೆ ಗಪ್ಪೆಂದು ಒಳಗೆ ಬಂತು. ಈ ವಾಸನೆಗೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ನಾನು ಮಾತ್ರ ಉಸಿರೆಳೆದುಕೊಂಡೆ. ನನ್ನ ಮಟ್ಟಿಗೆ ಅದು ನಾನು ಬದುಕಿದ ಅತಿ ಒಳ್ಳೆಯ ಮಳೆಗಾಲದ ವಾಸನೆ.

ಆವತ್ತು ಬೆಳಿಗ್ಗೆ ಹಿರಿಯೂರಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಈರಮ್ಮ ಫೋನು ಮಾಡಿದ್ದರು. "ಡಾಕ್ಟ್ರಮ್ಮ, ಚುಕ್ಕಿ ಹೋತು. ವಯಸ್ಸಾಗಿತ್ತಲ್ಲ, ಮಲಗಿದ್ದಲ್ಲೇ ಹೋಗೈತೆ. ಮಣ್ಣು ಮಾಡಾಕೆ ಮುಂಚೆ ಬಂದು ಒಂದ್ ಸಲ ನೋಡ್ಕಂಡು ಹೋಗ್ರಿ." ಚುಕ್ಕಿ ಎಂದರೆ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಒಂದು ಕರಿ ಕುರಿ. ಅದರ ಬೆನ್ನಿನೊಳಗೆ ನಾನು ಹಾಕಿದ ಒಂದು ಚಮಚಕ್ಕೂ ಕಡಿಮೆ ಜೆಲ್ ಇತ್ತು. ಅದಕ್ಕಾಗಿಯೇ ನಾನು ಓಡುತ್ತಿದ್ದೆ.

ಚುಕ್ಕಿಗೆ ಆ ಜೆಲ್ ಹಾಕಿದ್ದು ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ ತುಂಬಿ ಕೋಡಿ ಬಿದ್ದ ವರ್ಷ. ನಾನು ಓದಿದ್ದು ಪಶುವೈದ್ಯ, ಕೆಲಸ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ನಾವು ಸವೆದ ಬೆನ್ನಿಗೆ ಸೂಜಿಯಲ್ಲಿ ಹಾಕುವ ಜೆಲ್ ಒಂದನ್ನು ತಯಾರಿಸಿದ್ದೆವು. ನಮ್ಮ ಬೆನ್ನುಮೂಳೆಯ ಮಣಿ ಮಣಿಯ ನಡುವೆ ಒಂದೊಂದು ಬಿಲ್ಲೆ ಇರುತ್ತದೆ. ಅದರ ಅಂಚು ನಾರುನಾರಾಗಿ ಗಟ್ಟಿ, ನಡುವೆ ನೀರು ಹಿಡಿದ ಮೆತ್ತನೆಯ ತಿರುಳು. ಎಳನೀರಿನವನು ಕಾಯಿ ಸೀಳಿ ತೆಗೆದುಕೊಡುವ ಗಂಜಿಯಿದೆಯಲ್ಲ, ಹೆಚ್ಚುಕಡಿಮೆ ಹಾಗೆ. ಹೊತ್ತು ಬಗ್ಗಿ ದುಡಿದವರಲ್ಲಿ ಆ ತಿರುಳು ಒಣಗುತ್ತದೆ, ಬಿಲ್ಲೆ ಕುಸಿಯುತ್ತದೆ, ನೋವು ಸೊಂಟದಿಂದ ಕಾಲಿಗೆ ಇಳಿಯುತ್ತದೆ. ನಮ್ಮ ಜೆಲ್ ತಣ್ಣಗಿರುವಾಗ ನೀರಿನಂತೆ ಸೂಜಿಯಲ್ಲಿ ಇಳಿದು, ಮೈ ಬಿಸಿ ತಾಗಿದ ಕೂಡಲೇ ಗಟ್ಟಿಯಾಗಿ, ಒಣಗಿದ ಜಾಗದಲ್ಲಿ ಮತ್ತೆ ನೀರು ಹಿಡಿದು ನಿಲ್ಲಬೇಕಿತ್ತು. ಗಾಜಿನ ಲೋಟದಲ್ಲಿ ನಿಲ್ಲುತ್ತಿತ್ತು. ಜೀವವಿರುವ ಬೆನ್ನಿನಲ್ಲಿ ನಿಲ್ಲುತ್ತದೆಯೇ ಎಂದು ನೋಡಲು ಕುರಿ ಬೇಕಿತ್ತು, ಏಕೆಂದರೆ ಕುರಿಯ ಸೊಂಟದ ಬಿಲ್ಲೆ ಮನುಷ್ಯರದ್ದಕ್ಕೆ ತಕ್ಕಮಟ್ಟಿಗೆ ಹತ್ತಿರ.

"ಕುರಿ ಬೇಕು ಅಂದ್ರೆ ನಮ್ಮ ಜಿಲ್ಲೆಗೆ ಬನ್ನಿ ಸಾರ್" ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿದ್ದೇ ನಾನು. ಹೇಳಿದವರ ತಲೆಗೇ ಕೆಲಸ ಬೀಳುವುದು ಲೋಕದ ನಿಯಮ. ಮಾಡದಕೆರೆ ಹೋಬಳಿಯ ಒಂದು ಹಳ್ಳಿಯ ಹೊರಗೆ ಖಾಲಿ ಬಿದ್ದಿದ್ದ ಕೋಳಿ ಶೆಡ್ ಬಾಡಿಗೆಗೆ ಹಿಡಿದು, ತೊಳೆದು ಸುಣ್ಣ ಬಳಿಸಿ, ಒಂದು ಮೂಲೆಯನ್ನು ಗಾಜು ಹಾಕಿಸಿ ಆಪರೇಷನ್ ಕೋಣೆ ಮಾಡಿಕೊಂಡೆವು. ಕುರಿಗಳನ್ನು ಕೊಂಡದ್ದು ಪಕ್ಕದ ಕುರಿರೊಪ್ಪದ ಚಿತ್ತಯ್ಯ, ಈರಮ್ಮ ದಂಪತಿಯಿಂದ. ಅವುಗಳನ್ನು ನೋಡಿಕೊಳ್ಳುವ ಕೆಲಸವೂ ಅವರಿಗೇ.

ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಮೊದಲು ಕುರಿಗೆ ಮತ್ತು ಬರಿಸಿ ಬಿಲ್ಲೆಯ ತಿರುಳನ್ನು ಸ್ವಲ್ಪ ತೆಗೆಯುತ್ತೇವೆ, ಅಂದರೆ ಬೇಕೆಂದೇ ಕೆಡಿಸುತ್ತೇವೆ. ಕೆಲವು ವಾರ ಬಿಟ್ಟು ಅಲ್ಲಿಗೆ ಜೆಲ್ ತುಂಬುತ್ತೇವೆ. ಮಳೆಗಾಲ ಮುಗಿದ ಮೇಲೆ ನೋವಾಗದ ಹಾಗೆ ಕೊಂದು, ಬಿಲ್ಲೆ ತೆಗೆದು ನೋಡುತ್ತೇವೆ. ಕೊಲ್ಲುವ ಮಾತನ್ನು ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ. ಈರಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು.

"ಕುರಿ ಸಾಕೋರಿಗೆ ಕುರಿ ಸಾಯೋದು ಹೊಸದೇನಲ್ಲ ಬಿಡ್ರಿ. ಉಪವಾಸ ಕೆಡವಿ ಸಾಯಿಸಲ್ಲ ತಾನೇ?"

"ಇಲ್ಲ ಈರಕ್ಕ."

"ಹಂಗಾರೆ ಕುಂತ್ಕಳ್ರಿ, ಟೀ ಕಾಸ್ತೀನಿ."

ಚಿತ್ತಯ್ಯ ಮಾತ್ರ ಕೂರಲಿಲ್ಲ. ಅವರು ಕೂರುತ್ತಿರಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಕಂಬದ ಮೇಲೆ. ಆ ಸೀಮೆಯಲ್ಲಿ ಉಣ್ಣೆ ಕತ್ತರಿಸುವುದರಲ್ಲಿ ಅವರ ಕೈಯೇ ಕೈ ಎಂಬ ಹೆಸರಿತ್ತಂತೆ. ಕತ್ತರಿಸುವ ಕಾಲ ಬಂತೆಂದರೆ ತಾಳ್ಯದಿಂದ, ಬಿ.ದುರ್ಗದಿಂದ ಕರೆ ಬರುತ್ತಿತ್ತು. ಕುರಿಯ ಕಾಲು ಕಟ್ಟಿ ನೆಲಕ್ಕೆ ಮಲಗಿಸಿ, ಅದರ ಮೇಲೆ ಬಾಗಿ, ಚರ್ಮಕ್ಕೆ ಗೀರು ಬೀಳದ ಹಾಗೆ ಒಂದೇ ಹಾಸಾಗಿ ಉಣ್ಣೆ ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಹಾಗೆ ಬಾಗಿದ ಬೆನ್ನು ಎಷ್ಟು ವರ್ಷ ತಡೆದೀತು? ಒಂದು ದಿನ ಬಾಗಿದವರು ಏಳಲಾಗದೆ, ನಾಲ್ಕು ಜನ ಎತ್ತಿಕೊಂಡು ಮನೆಗೆ ತಂದಿದ್ದರು. ಚಿತ್ರದುರ್ಗದಲ್ಲಿ ತೆಗೆಸಿದ ಸ್ಕ್ಯಾನ್ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿದ್ದರು. ನಾನು ಬೆಳಕಿಗೆ ಹಿಡಿದು ನೋಡಿದೆ. ಉಳಿದ ಬಿಲ್ಲೆಗಳು ಬೆಳ್ಳಗಿದ್ದವು, ಸೊಂಟದ ಒಂದು ಬಿಲ್ಲೆ ಮಾತ್ರ ಒಣಗಿ ಕಪ್ಪಾಗಿತ್ತು. ಅಂಚು ಇನ್ನೂ ಹರಿದಿರಲಿಲ್ಲ. ನಮ್ಮ ಜೆಲ್ ಯಾವ ಬೆನ್ನಿಗಾಗಿ ತಯಾರಾಗಿತ್ತೋ ಅಂಥದ್ದೇ ಬೆನ್ನು ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಇನ್ನೂ ಪರೀಕ್ಷೆಯಾಗದ ಮದ್ದಿನ ಆಸೆ ಹುಟ್ಟಿಸಬಾರದೆಂದು ಅದನ್ನು ಹೇಳಲಿಲ್ಲ.

ಆ ವರ್ಷದ ಮಳೆ ನಮ್ಮ ಕಡೆಯ ಮಳೆಯ ಹಾಗಿರಲಿಲ್ಲ. ಸಾಮಾನ್ಯವಾಗಿ ನಮ್ಮಲ್ಲಿ ಮೋಡ ಬರುತ್ತದೆ, ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸಿ ಹಾಗೇ ಮುಂದೆ ಹೋಗುತ್ತದೆ. ಆ ಸಲ ಬಂದ ಮೋಡ ಇಲ್ಲೇ ಠಿಕಾಣಿ ಹೂಡಿತು. ಶೆಡ್ಡಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಕರೆಂಟು ಹೋದರೆ ಜೆಲ್ ಬೆಚ್ಚಗಾಗಿ ಸಿರಿಂಜಿನಲ್ಲೇ ಗಟ್ಟಿಯಾಗುವ ಭಯ. ಥರ್ಮಾಕೋಲ್ ಡಬ್ಬಿಗೆ ಹೊಸದುರ್ಗದ ಐಸ್‌ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ ತರಿಸುತ್ತಿದ್ದೆ. ಎಕ್ಸ್‌ರೇ ಯಂತ್ರದ ಪರದೆಯಲ್ಲಿ ನೋಡುತ್ತಾ, ಮಣಿಗಳ ಸಂದಿಯಲ್ಲಿ ಕೂದಲಿನಷ್ಟು ಅತ್ತಿತ್ತ ಆಗದ ಹಾಗೆ ಸೂಜಿ ಇಳಿಸಬೇಕು. ಆ ಕೆಲಸ ನನಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹೆಣ್ಣುಮಕ್ಕಳು ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳಬಾರದು ಅನ್ನುವವರು ಈ ಸಾಲು ಬಿಟ್ಟು ಓದಲಿ.

ಚುಕ್ಕಿ ನಾವು ಜೆಲ್ ಹಾಕಿದ ಮೊದಲ ಕುರಿ. ಬಿಲ್ಲೆ ಕೆಡಿಸಿದ ಮೇಲೆ ಅದು ಹಿಂಗಾಲು ಬಿಗಿ ಹಿಡಿದು ನಡೆಯುತ್ತಿತ್ತು, ನೋವಿನ ಔಷಧಿ ಕೊಡುತ್ತಿದ್ದರೂ ಮೇವಿನ ತೊಟ್ಟಿಗೆ ಕೊನೆಯಲ್ಲಿ ಬರುತ್ತಿತ್ತು. ಜೆಲ್ ಹಾಕಿ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಈರಮ್ಮ ಹುರುಳಿ ಹೊಟ್ಟು ತಂದರು. ಚುಕ್ಕಿ ಉಳಿದವನ್ನು ತಳ್ಳಿಕೊಂಡು ಬಂದು, ದಾರಿಗೆ ಅಡ್ಡವಿದ್ದ ತೊಟ್ಟಿಯನ್ನು ನೆಗೆದು ದಾಟಿತು. ಈರಮ್ಮ ಹೊಟ್ಟಿನ ಪುಟ್ಟಿ ಹಿಡಿದವರು ಹಿಡಿದಂತೆಯೇ ನಿಂತುಬಿಟ್ಟರು. ನನಗೆ ಅಳು ಬಂತು. ಬಂದದ್ದನ್ನು ಬಂತು ಅಂತಲೇ ಹೇಳಬೇಕು.

ಮಾರನೆಯ ದಿನ ಚಿತ್ತಯ್ಯ ಶೆಡ್ಡಿನ ಬಾಗಿಲಿಗೆ ಬಂದರು.

"ಡಾಕ್ಟ್ರಮ್ಮ, ಆ ಗಂಜಿ ಇನ್ನ ಉಳದೈತಾ?"

"ಯಾಕಣ್ಣ?"

"ನನ್ ಬೆನ್ನಿಗೂ ಒಂದೀಟು ಹಾಕ್ರಿ."

"ಆಗಲ್ಲ ಚಿತ್ತಣ್ಣ. ಇನ್ನೂ ಮನುಷ್ಯರಿಗೆ ಹಾಕಂಗಿಲ್ಲ."

"ಕುರಿಗೆ ಒಂದು ನ್ಯಾಯ, ನಂಗೊಂದು ನ್ಯಾಯನಾ? ನಾನೇ ಹಾಕು ಅಂತಿದೀನಿ. ಹೆಬ್ಬೆಟ್ಟು ಬೇಕಾರೆ ಒತ್ತಿಕೊಡ್ತೀನಿ."

"ಜೆಲ್ ಜಾರಿ ನರದ ಮೇಲೆ ಕುಂತ್ರೆ ಕಾಲೇ ಹೋಗ್ತೈತೆ. ಈಗ ಬಗ್ಗಾಕಾಗಲ್ಲ, ಆಮೇಲೆ ನಡಿಯಾಕೂ ಆಗಲ್ಲ. ಅಂಥದ್ದಾಗಲ್ಲ ಅಂತ ಖಾತ್ರಿ ಮಾಡ್ಕಳಾಕೆ ಈ ಕುರಿಗಳನ್ನ ಇಟ್ಕಂಡಿರೋದು. ಖಾತ್ರಿ ಆಗೋವರೆಗೆ ನಮ್ಮಪ್ಪ ಕೇಳಿದ್ರೂ ಹಾಕಲ್ಲ."

"ನೀವು ಭಾರಿ ಗಟ್ಟಿಗಿತ್ತಿ ಬಿಡ್ರಿ" ಎಂದು ಸಿಟ್ಟಿನಲ್ಲೇ ಹೇಳಿ, ಸೊಂಟ ಹಿಡಿದುಕೊಂಡು ಮಳೆಯಲ್ಲೇ ಹೋದರು. ನಾನು ಹಾಕುತ್ತಿರಲಿಲ್ಲ, ಇವತ್ತು ಕೇಳಿದರೂ ಹಾಕುವುದಿಲ್ಲ.

ಅವರಿಗೆ ನನ್ನಿಂದ ಆಗುವುದನ್ನು ಮಾಡಿದೆ. ಚಿತ್ರದುರ್ಗದ ಬೆನ್ನಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವ್ಯಾಯಾಮ ಬರೆಸಿದೆ. ಕುರಿಯನ್ನು ನೆಲಕ್ಕೆ ಮಲಗಿಸುವ ಬದಲು ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ಮಲಗಿಸಿ ನಿಂತುಕೊಂಡೇ ಕತ್ತರಿಸಿ ನೋಡಿ ಎಂದೆ. "ನಿಂತ್ಕಂಡು ತುಪ್ಪಟ ಕತ್ತರಿಸಾದು ಅಂದ್ರೆ ಬಾಗಿಲ ಹೊರಗೆ ನಿಂತ್ಕಂಡು ಉಂಡಂಗೆ" ಎಂದು ನಕ್ಕರು. ನಕ್ಕಿದ್ದೇ ಸಂತೋಷ.

ಭಾದ್ರಪದದಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿಗೆ ಹಿರಿಯೂರೇ ಅಣೆಕಟ್ಟೆ ನೋಡಲು ಹೋಗಿತ್ತು. ಅಮ್ಮ ಫೋನಿನಲ್ಲಿ "ಹುಟ್ಟಿದ ಊರಿನ ಕೆರೆ ತುಂಬಿದೆ, ನೀನು ಕುರಿ ಕಾಯ್ತಾ ಕೂತಿದೀಯ" ಎಂದು ಬೈದರು. ನನಗೆ ಪುರುಸೊತ್ತಿರಲಿಲ್ಲ. ಉಳಿದ ಕುರಿಗಳೂ ಒಂದರ ಹಿಂದೆ ಒಂದು ಸರಿಯಾಗಿ ಹೆಜ್ಜೆ ಹಾಕತೊಡಗಿದ್ದವು. ದೀಪಾವಳಿಗೆ ಮುಂಚೆ ಎಲ್ಲವನ್ನೂ ಕೊಂದು ಬಿಲ್ಲೆ ತೆಗೆಯುವುದೆಂದು ಬೆಂಗಳೂರಿನಿಂದ ಸೂಚನೆ ಬಂತು.

ಅದಾದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡುತ್ತೇನೆ, ಚುಕ್ಕಿಯ ಮೈ ತೊಳೆದು, ಹಣೆಗೆ ಅರಿಶಿನ ಕುಂಕುಮ ಬಳಿದು, ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿದ್ದಾರೆ. ಎದುರಿಗೆ ಈರಮ್ಮ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಾರೆ.

"ಏನಿದು ಈರಕ್ಕ?"

"ಮನೆದೇವ್ರಿಗೆ ಮೀಸಲು ಬಿಟ್ಟೀನಿ. ಈ ಗಂಜಿ ನಮ್ಮನೆಯೋರ ಬೆನ್ನಿಗೂ ಹತ್ತಿ, ಅವ್ರು ಮೊದಲಿನಂಗೆ ಬಗ್ಗಿ ಕತ್ತರಿ ಹಿಡಿಯೋಗಂಟ ಇದ್ರ ಮೈಗೆ ಕಬ್ಬಿಣ ಸೋಕಂಗಿಲ್ಲ."

ಆ ಸೀಮೆಯಲ್ಲಿ ಮೀಸಲು ಎಂದರೆ ಆಟವಲ್ಲ. ದೇವರ ಹೆಸರಲ್ಲಿ ಬಿಟ್ಟ ಕುರಿಯನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಅದರ ಉಣ್ಣೆಯನ್ನೂ ಕತ್ತರಿಸುವಂತಿಲ್ಲ. ಸತ್ತರೆ ಮನೆಯವರು ಸತ್ತ ಹಾಗೆ ಮಣ್ಣು ಮಾಡುತ್ತಾರೆ.

"ಈರಕ್ಕ, ಇದು ನಿಮ್ ಕುರಿ ಅಲ್ಲ. ನಮಗೆ ಮಾರಿದೀರ."

"ಕುರಿ ಮಾರಿದೀನಿ. ಹರಕೆ ಕಟ್ಟಾಕೆ ನಿಮ್ಮನ್ನ ಯಾಕೆ ಕೇಳ್ಲಿ?"

"ಇದನ್ನ ಕೊಲ್ತೀವಿ ಅಂತ ಮೊದಲ ದಿನಾನೇ ಹೇಳಿದ್ದೆ."

"ಹೇಳಿದ್ರಿ, ಇಲ್ಲ ಅನ್ನಲ್ಲ. ಆವತ್ತು ಅದು ಬರೀ ಕುರಿ. ತೊಟ್ಟಿ ನೆಗೀತಲ್ಲ, ಅವತ್ತಿಂದ ಅಲ್ಲ. ನಮ್ಮನೆಯೋರ ಬೆನ್ನು ಇದ್ರ ಬೆನ್ನಾಗೈತೆ ಅನ್ನಿಸ್ತು ನಂಗೆ."

ನಾನು ಕೂಗಾಡಿದೆ. ನೀವು ಮಾಡಿರುವುದು ಏನು ಗೊತ್ತೇ ಎಂದು ಬಿಡಿಸಿ ಹೇಳಿದೆ. ಕುರಿ ಕೊಯ್ದು ನೋಡದೆ ಜೆಲ್ ಮನುಷ್ಯರಿಗೆ ಬರುವುದಿಲ್ಲ. ಜೆಲ್ ಮನುಷ್ಯರಿಗೆ ಬರದೆ ನಿಮ್ಮ ಹರಕೆ ತೀರುವುದಿಲ್ಲ. ಹರಕೆ ತೀರದೆ ಕುರಿ ಕೊಯ್ಯುವ ಹಾಗಿಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! ಕಂಬ ಹಿಡಿದು ನಿಂತಿದ್ದ ಚಿತ್ತಯ್ಯನಿಗೂ ಇದು ಆಗಷ್ಟೇ ಗೊತ್ತಾಗಿದ್ದು. "ಎಂಥ ಕೆಲ್ಸ ಮಾಡಿದೆ ಮಾರಾಯ್ತಿ, ನನ್ ಬೆನ್ನಿಗೆ ನೀನೇ ಅಡ್ಡ ಗೋಡೆ ಕಟ್ಟಿದೆಯಲ್ಲ" ಎಂದರು. ಈರಮ್ಮನ ಮುಖ ಬಿಳಿಚಿಕೊಂಡಿತು. ಆದರೂ ಗಂಟೆಗೆ ಕೈ ಹಾಕಲಿಲ್ಲ. ಕಟ್ಟಿದ್ದನ್ನು ಬಿಚ್ಚಿದರೆ ಕೇಡು ಯಾರಿಗೆ ತಟ್ಟುತ್ತದೆ ಎಂಬುದು ಅವರ ಕಣ್ಣಲ್ಲೇ ಇತ್ತು. ಅವರು ಗಂಡನನ್ನೇ ನೋಡುತ್ತಿದ್ದರು.

ಕುರಿ ನಮ್ಮದು, ಕೊಂಡೊಯ್ದರೆ ತಡೆಯುವವರು ಯಾರೂ ಇರಲಿಲ್ಲ. ಆ ಯೋಚನೆ ಬಂದದ್ದು ನಿಜ, ಮಧ್ಯಾಹ್ನದ ಹೊತ್ತಿಗೆ ಅದನ್ನು ಬಿಟ್ಟದ್ದೂ ನಿಜ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ನಮ್ಮ ಮುಖ್ಯಸ್ಥರಿಗೆ ಫೋನು ಮಾಡಿದೆ.

"ಸಾರ್, ಉಳಿದವುಗಳ ಬಿಲ್ಲೆ ತೆಗೆಯೋಣ. ಒಂದನ್ನ ಬದುಕೋಕೆ ಬಿಡೋಣ. ಜೆಲ್ ಒಂದು ಮಳೆಗಾಲ ನಿಂತಿದ್ದು ಗೊತ್ತಾಗುತ್ತೆ ಸರಿ, ವರ್ಷಗಟ್ಟಲೆ ನಿಲ್ಲುತ್ತಾ ಅಂತ ಯಾರಾದ್ರೂ ಕೇಳಿದ್ರೆ ಏನು ತೋರಿಸ್ತೀರಿ?"

"ಕೊಯ್ಯದೆ ಹೇಗೆ ನೋಡ್ತೀಯಮ್ಮ?"

"ಸ್ಕ್ಯಾನ್ ಮಾಡಿ."

"ಚಿತ್ರದುರ್ಗದಲ್ಲಿ ಕುರಿಗೆ ಸ್ಕ್ಯಾನ್ ಮಾಡೋರು ಯಾರು?"

"ಅದು ನನಗೆ ಬಿಡಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪ್ರಾಣಿಗಳ ಮೇಲಿನ ಪ್ರಯೋಗ ನೋಡಿಕೊಳ್ಳುವ ಸಮಿತಿಗೆ ಅರ್ಜಿ ಹಾಕಿದೆವು. ಅವರು ಒಪ್ಪಿ ಷರತ್ತು ಹಾಕಿದರು: ಈ ಕುರಿಯನ್ನು ಮಾರಕೂಡದು, ಮಾಂಸಕ್ಕೆ ಬಳಸಕೂಡದು, ಸಾಯುವವರೆಗೆ ಚೆನ್ನಾಗಿ ನೋಡಿಕೊಳ್ಳಬೇಕು. ಓದಿ ಹೇಳಿದಾಗ ಈರಮ್ಮ, "ನಮ್ ದೇವ್ರು ಹೇಳಿದ್ದೂ ಅದೇಯ" ಎಂದರು.

ಸ್ಕ್ಯಾನ್ ಸೆಂಟರಿನ ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಭಾನುವಾರ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಬನ್ನಿ, ಒಂದು ಹಿಕ್ಕೆ ಬಿದ್ದರೂ ನೀವೇ ಬಳಿಯಬೇಕು ಎಂದರು. ಒಪ್ಪಿದೆ. ಚುಕ್ಕಿಗೆ ಮತ್ತಿನ ಔಷಧಿ ಕೊಟ್ಟು, ಬೆಡ್‌ಶೀಟ್ ಹೊದಿಸಿ ಸ್ಟ್ರೆಚರಿನಲ್ಲಿ ಒಳಗೆ ತಂದೆವು. ಆ ಯಂತ್ರದ ಅಯಸ್ಕಾಂತಕ್ಕೆ ಯಾವ ಲೋಹವೂ ಹತ್ತಿರ ಬರಬಾರದು, ಗಂಟೆ ಬಿಚ್ಚಬೇಕು ಎಂದಾಗ ಈರಮ್ಮ ಬೆಚ್ಚಿದರು. ಆಮೇಲೆ ತಾವೇ ಬಿಚ್ಚಿ ತಮ್ಮ ಕೊರಳಿಗೆ ಕಟ್ಟಿಕೊಂಡರು. "ಅದು ಬರೋಗಂಟ ನಾನಿರ್ತೀನಿ ಮೀಸಲು" ಎಂದು ಬೆಂಚಿನ ಮೇಲೆ ಕೂತರು. ಸೆಂಟರಿನ ಹುಡುಗಿಯರು ನಗು ತಡೆಯಲಾರದೆ ಒಳಗೆ ಓಡಿದರು.

ಪರದೆಯ ಮೇಲೆ ಚುಕ್ಕಿಯ ಬೆನ್ನು ಮೂಡಿತು. ನಾವು ಕೆಡಿಸಿದ್ದ, ಆಮೇಲೆ ತುಂಬಿದ್ದ ಬಿಲ್ಲೆ ಬೆಳ್ಳಗೆ ನೀರು ಹಿಡಿದು ನಿಂತಿತ್ತು. ಅಂಚು ಭದ್ರವಾಗಿತ್ತು. ಚಿತ್ತಯ್ಯ ಮನೆಯಿಂದ ತಮ್ಮ ಹಳೆಯ ಹಾಳೆ ತಂದಿದ್ದರು. ಪರದೆಯ ಪಕ್ಕ ಹಿಡಿದು ಎರಡನ್ನೂ ನೋಡಿದರು. "ನಂದು ಕರೇದು, ಇದ್ರದ್ದು ಬಿಳೇದು" ಎಂದಷ್ಟೇ ಹೇಳಿ ಹಾಳೆ ಸುತ್ತಿದರು.

ಉಳಿದ ಕುರಿಗಳನ್ನು ದೀಪಾವಳಿಗೆ ಮುಂಚೆ ಕೊಂದು ಬಿಲ್ಲೆ ತೆಗೆದು ನೋಡಿದೆವು. ಮುಂದಿನ ವರ್ಷಗಳಲ್ಲಿಯೂ ಚುಕ್ಕಿ ಸ್ಕ್ಯಾನಿಗೆ ಹೋಯಿತು, ಬಿಲ್ಲೆ ಬೆಳ್ಳಗೇ ಇತ್ತು. ನಮ್ಮ ಜೆಲ್ ಒಂದೊಂದೇ ಕಚೇರಿ, ಒಂದೊಂದೇ ಸಮಿತಿ ದಾಟಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವೇ ರೋಗಿಗಳಿಗೆ ಹಾಕಿ ನೋಡುವ ಹಂತಕ್ಕೆ ಬಂದಾಗ ಮೊದಲು ಓಡಿದ್ದು ಚಿತ್ತಯ್ಯನ ಬಳಿಗೆ. ಕರೆದುಕೊಂಡು ಹೋಗಿ ತೋರಿಸಿದೆ. ಹೊಸ ಸ್ಕ್ಯಾನಿನಲ್ಲಿ ಬಿಲ್ಲೆಯ ಅಂಚು ಹರಿದಿತ್ತು. ನಾವು ದಾಖಲೆ ಕೂಡಿಸುತ್ತಿದ್ದ ವರ್ಷಗಳಲ್ಲಿಯೇ ಯಾವಾಗಲೋ ಹರಿದಿತ್ತು. ಹರಿದ ಬಿಲ್ಲೆಯಲ್ಲಿ ಜೆಲ್ ನಿಲ್ಲುವುದಿಲ್ಲ, ಇವರಿಗೆ ಹಾಕುವಂತಿಲ್ಲ ಎಂದರು ಅಲ್ಲಿನ ಡಾಕ್ಟರು. ವಾಪಸು ಬರುವಾಗ, "ತೂತು ಬಿಂದಿಗೆ ಅನ್ರಿ ಹಂಗಾರೆ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ದಾರಿಗೆ ಅಡ್ಡ ಬಂದಿದ್ದ ಕುರಿ ಹಿಂಡು ದಾಟಿತು. ನಾನು ಹಳ್ಳಿ ಸೇರಿದಾಗ ಮಳೆ ನಿಂತಿತ್ತು. ಬೇವಿನ ಮರದ ಕೆಳಗೆ ಗುಂಡಿ ತೋಡಿಸಿದ್ದರು. ಚುಕ್ಕಿಯನ್ನು ಕಲ್ಲುಕಟ್ಟೆಯ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರು. ವರ್ಷಗಳಿಂದ ಕತ್ತರಿ ಕಾಣದ ಉಣ್ಣೆ ನೆಲದವರೆಗೆ ಜೋತುಬಿದ್ದಿತ್ತು. ನನ್ನ ಕಾರಿನಲ್ಲಿ ಚಾಕು, ಗರಗಸ, ಬಿಲ್ಲೆ ಇಡುವ ಡಬ್ಬಿ ಎಲ್ಲವೂ ಇದ್ದವು. ಒಂದು ಪೂರ್ತಿ ಆಯಸ್ಸು ಜೆಲ್ ಹೊತ್ತು ಬದುಕಿದ ಬಿಲ್ಲೆ ಅದು. ಅಂಥದ್ದು ನಮ್ಮ ಬಳಿ ಇನ್ನೊಂದಿರಲಿಲ್ಲ. ಆದರೆ ಹರಕೆ ತೀರಿರಲಿಲ್ಲ, ಇನ್ನು ತೀರುವುದೂ ಇಲ್ಲ. ಎಲ್ಲವನ್ನೂ ಕಾರಿನಲ್ಲೇ ಬಿಟ್ಟು, ಚುಕ್ಕಿಯ ಮುಂದೆ ಕೈ ಮುಗಿದು ನಿಂತೆ.

ಈರಮ್ಮ ಕಣ್ಣು ಒರೆಸಿಕೊಂಡರು. "ಯಾಕ್ ನಿಂತ್ರಿ? ನಿಮ್ ಸಾಮಾನು ತರಲಿಲ್ವಾ?"

"ಕಬ್ಬಿಣ ಸೋಕಂಗಿಲ್ಲ ಅಂದಿದ್ರಲ್ಲ ಈರಕ್ಕ."

"ಜೀವ ಇರೋಗಂಟ ದೇವ್ರದ್ದು. ಜೀವ ಅವ್ನೇ ತಗಂಡ. ಉಳಿದಿದ್ದು ಬೆನ್ನು, ಅದು ನಿಮ್ದು." ಗಂಡನ ಕಡೆ ತಿರುಗಿ, "ನೋಡ್ತಾ ನಿಂತ್ಯಲ್ಲ, ಕತ್ತರಿ ತಾ ಮತ್ತೆ" ಎಂದರು.

ಚಿತ್ತಯ್ಯ ಒಳಗಿನಿಂದ ಕತ್ತರಿ ತಂದರು. ಕಟ್ಟೆಯ ಮುಂದೆ ನೆಟ್ಟಗೆ ನಿಂತು, ಚುಕ್ಕಿಯ ಸೊಂಟದ ಹತ್ತಿರ ಕತ್ತರಿ ಇಟ್ಟು, ಒಂದೇ ಹಾಸಾಗಿ ಉಣ್ಣೆ ತೆಗೆದರು. ಎಲ್ಲೂ ಗೀರು ಬೀಳಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ನಾನು ನನ್ನ ಕೆಲಸ ಮಾಡಿದೆ. ಬಿಲ್ಲೆ ಕೈಗೆ ಬಂತು. ಅಡ್ಡ ಕೊಯ್ದು ಅಂಗೈಯಲ್ಲಿ ಇಟ್ಟುಕೊಂಡು ಇಬ್ಬರಿಗೂ ತೋರಿಸಿದೆ. ಅಂಚು ಗಟ್ಟಿ, ನಡುವೆ ತೇವ, ಎಲ್ಲೂ ಬಿರುಕಿಲ್ಲ. ಚಿತ್ತಯ್ಯ ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ಮತ್ತೆ ಮೇಲೆದ್ದಿತು. ಇನ್ನೊಮ್ಮೆ ಒತ್ತಿದರು.

"ಇನ್ನ ಯಾರ್ಯಾರಿಗೆ ಹಾಕ್ತೀರಿ?" ಎಂದು ಕೇಳಿದರು.

"ಒಳಗಿನ ತಿರುಳು ಒಣಗಿ, ಅಂಚು ಇನ್ನೂ ಹರೀದೆ ಇರೋರಿಗೆ ಚಿತ್ತಣ್ಣ."

ಅವರು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

"ಹಂಗಾರೆ ಟೀ ಗೀ ಅಂತ ಕೂರಬ್ಯಾಡ್ರಿ, ಜಲ್ದಿ ಹೊರಡ್ರಿ. ಅವ್ರದ್ದೂ ಹರಿಯಾಕೆ ಮುಂಚೆ."